ಜೋಡಿಸಿದ ಜಾವಾ ಏರಿನಲ್ಲಿ ನಿಂತರೆ: ದೋಷ ಹುಡುಕುವ ಕ್ರಮ

ಮೊದಲ ಸಲ ಹಳೇ ಬೈಕ್ ಬಿಚ್ಚಿ ಜೋಡಿಸಿದವರ ದೂರು ಹೆಚ್ಚಾಗಿ ಒಂದೇ ಥರ ಇರುತ್ತದೆ. ಶೆಡ್ಡಿನಲ್ಲಿ ಎರಡನೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ, ಅಂಗಳದಲ್ಲಿ ಚೆನ್ನಾಗಿ ಸುತ್ತುತ್ತದೆ, ರಸ್ತೆಗೆ ಬಂದು ಒಂದು ದೊಡ್ಡ ಏರು ಹತ್ತುವಷ್ಟರಲ್ಲಿ ಉಸಿರು ಕಟ್ಟಿದಂತಾಗಿ ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್. ಕೊಡಗಿನಲ್ಲಿ ಏರಿಲ್ಲದ ರಸ್ತೆ ಎಲ್ಲಿದೆ? ಬಯಲುಸೀಮೆಯಲ್ಲಿ ತಿಂಗಳುಗಟ್ಟಲೆ ಅಡಗಿ ಕೂರಬಹುದಾದ ಕಾಯಿಲೆ ಇಲ್ಲಿ ಮೊದಲ ದಿನವೇ ಹೊರಬೀಳುತ್ತದೆ. ಅದೊಂದು ಅನುಕೂಲ ಅಂತಲೇ ನಾನು ಹೇಳುತ್ತೇನೆ.

ಬೈಕ್ ನಿಂತ ಕೂಡಲೇ ಎಲ್ಲರೂ ಸ್ಕ್ರೂಡ್ರೈವರ್ ಹಿಡಿದು ಕಾರ್ಬರೇಟರಿಗೆ ಕೈ ಹಾಕುತ್ತಾರೆ. ಕಣ್ಣಿಗೆ ಕಾಣುವ, ತಿರುಗಿಸಲು ಸ್ಕ್ರೂ ಇರುವ ಭಾಗ ಅದು. ಹಾಗಾಗಿ ಗೂಬೆ ಕೂರುವುದೂ ಅದರ ಮೇಲೆಯೇ. ನನ್ನ ಲೆಕ್ಕ ಇದಕ್ಕೆ ತಿರುಗುಮುರುಗು. ಟೂ-ಸ್ಟ್ರೋಕ್ ಇಂಜಿನನ್ನು ಪೂರ್ತಿ ಬಿಚ್ಚಿ ಜೋಡಿಸಿದ್ದರೆ ಕಾರ್ಬರೇಟರ್ ಸರದಿ ಕಟ್ಟಕಡೆಗೆ ಬರಬೇಕು. ಇಂಜಿನ್ ಎಲ್ಲೂ ಗಾಳಿ ಎಳೆಯುತ್ತಿಲ್ಲ ಎಂದು ಖಾತ್ರಿಯಾಗುವ ಮೊದಲು ಪೆಟ್ರೋಲ್ ಅಳೆದು ಬಿಡುವ ಜೆಟ್ ಬದಲಿಸುವುದು, ಸೂಜಿ ಏರಿಸುವುದು ಎಲ್ಲವೂ ಒಂದು ತೂತನ್ನು ಪೆಟ್ರೋಲ್ ಸುರಿದು ಮುಚ್ಚುವ ಕೆಲಸ. ಒಂದೆರಡು ವಾರ ಓಡೀತು, ಆಮೇಲೆ ಹೊಸ ಪಿಸ್ಟನ್ ಸಿಲಿಂಡರಿಗೆ ಹಿಡಿದುಕೊಂಡು ಸೀಜ್ ಆಗುತ್ತದೆ.

ಇಲ್ಲಿ ಬರೆದಿರುವುದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ 250 ಸಿಸಿ ಬೈಕುಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಅರವತ್ತರ ದಶಕದ ಆರಂಭದಿಂದ ಜಾವಾ ಹೆಸರಿನಲ್ಲಿ, ಎಪ್ಪತ್ತರ ದಶಕದಲ್ಲಿ ಹೆಸರು ಬದಲಾಗಿ ಯೆಜ್ಡಿಯಾಗಿ, 1996ರಲ್ಲಿ ಬಾಗಿಲು ಮುಚ್ಚುವವರೆಗೂ ಅಲ್ಲಿಂದ ಬಂದವು. 65 ಮಿ.ಮೀ. ಬೋರ್ (ಸಿಲಿಂಡರಿನ ಒಳ ಅಗಲ), 75 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡುವ ದೂರ), ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ನಿಮ್ಮದು ಬೇರೆ ಮಾದರಿಯಾದರೆ ಅಳತೆಗಳನ್ನು ಅದರ ಕೈಪಿಡಿಯಲ್ಲಿ ನೋಡಿಕೊಳ್ಳಿ. ಹುಡುಕುವ ಕ್ರಮ ಯಾವ ಹಳೇ ಟೂ-ಸ್ಟ್ರೋಕಿಗೂ ಇದೇ. 2018ರಲ್ಲಿ ಮತ್ತೆ ಬಂದ ಜಾವಾ ಫೋರ್-ಸ್ಟ್ರೋಕ್ ಇಂಜಿನಿನದು. ಹೆಸರು ಒಂದೇ ಅಂತ ಅದರ ಇಂಜಿನ್ ಪಾರ್ಟು ಕೇಳಲು ಶೋರೂಮಿಗೆ ಹೋಗಬೇಡಿ. ಹಾಗೆ ಹೋದವರಿದ್ದಾರೆ.

ಸಿದ್ದಾಪುರದ ಕಡೆಯ ಒಬ್ಬ ಹುಡುಗನ ಉದಾಹರಣೆ ಹಿಡಿದು ಹೇಳಿದರೆ ಸುಲಭ. ಅಜ್ಜನ ಜಾವಾ, ಕಾಫಿ ಗೋದಾಮಿನ ಮೂಲೆಯಲ್ಲಿ ಗೋಣಿಚೀಲ ಹೊದ್ದು ವರ್ಷಗಟ್ಟಲೆ ನಿಂತಿದ್ದದ್ದು. ಹುಡುಗ ಅಚ್ಚುಕಟ್ಟಿನವನು. ಬಿಚ್ಚುವಾಗ ಪ್ರತಿ ಹಂತದ ಫೋಟೋ ತೆಗೆದಿದ್ದ, ನಟ್ಟು ಬೋಲ್ಟುಗಳನ್ನು ಬೇರೆಬೇರೆ ಡಬ್ಬಿಗೆ ಹಾಕಿ ಚೀಟಿ ಅಂಟಿಸಿದ್ದ. ಕ್ರ್ಯಾಂಕನ್ನು ಮೈಸೂರಿನ ಲೇತ್ ಅಂಗಡಿಗೆ ಕಳಿಸಿ ಹೊಸ ಕನೆಕ್ಟಿಂಗ್ ರಾಡ್ ಹಾಕಿಸಿ, ಬೋರ್ ಮಾಡಿಸಿ ಹೊಸ ಪಿಸ್ಟನ್ ಕೂರಿಸಿ, ಫ್ರೇಮಿಗೆ ಪೌಡರ್ ಕೋಟಿಂಗ್ ಕೊಡಿಸಿದ್ದ. ಕೈಲ್‌ಪೋದ್ ಹಬ್ಬದ ಹೊತ್ತಿಗೆ ಅಜ್ಜನನ್ನು ಹಿಂದೆ ಕೂರಿಸಿಕೊಂಡು ಕುಟುಂಬದ ಮೂಲಮನೆಯಾದ ಐನ್‌ಮನೆಗೆ ಹೋಗಬೇಕೆಂಬ ಆಸೆ. ಹಬ್ಬಕ್ಕೆ ಮುಂಚೆ ಫೋನ್ ಬಂತು.

“ಅಣ್ಣಾ, ಏರಲ್ಲಿ ನಿಂತೋಗ್ತದೆ. ಹೊಸ ಕಾರ್ಬರೇಟರ್ ತರಿಸ್ಲಾ?”

“ತರಿಸ್ಬೇಡ. ನಿಂತ ಕೂಡ್ಲೇ ಏನೇನ್ ನೋಡ್ದೆ, ಅದ್ ಹೇಳು.”

“ನೋಡ್ಲಿಕ್ಕೆ ಏನುಂಟು? ತಳ್ಕೊಂಡು ಬಂದೆ.”

ಶೆಡ್ಡಿಗೆ ತಳ್ಳಿಕೊಂಡು ಬರುವಷ್ಟರಲ್ಲಿ ಇಂಜಿನ್ ತಣ್ಣಗಾಗಿರುತ್ತದೆ, ಸಾಕ್ಷಿಯೆಲ್ಲ ಅಳಿಸಿಹೋಗಿರುತ್ತದೆ. ಬಿಸಿಯಲ್ಲಿ ಕಾಣಿಸಿಕೊಳ್ಳುವ ದೋಷವನ್ನು ಬಿಸಿಯಲ್ಲೇ ಹಿಡಿಯಬೇಕು.

ನಿಂತ ಜಾಗದಲ್ಲೇ ನೋಡಬೇಕಾದದ್ದು

ಟೆಸ್ಟಿಗೆ ಹೊರಡುವಾಗ ಒಂದು ಒಳ್ಳೆಯ ಸ್ಪೇರ್ ಪ್ಲಗ್, ಪ್ಲಗ್ ಸ್ಪ್ಯಾನರ್, ಮಲ್ಟಿಮೀಟರ್, ಒಣ ಬಟ್ಟೆ ಜೇಬಲ್ಲಿರಲಿ. ಮನೆಯಿಂದ ತುಂಬ ದೂರ ಹೋಗಬೇಡಿ. ತಿರುವಿಲ್ಲದ, ಪಕ್ಕಕ್ಕೆ ನಿಲ್ಲಿಸಲು ಜಾಗವಿರುವ ಏರು ಹುಡುಕಿಕೊಳ್ಳಿ. ಸಂಪಾಜೆ ಘಾಟಿಯ ತಿರುವಿನಲ್ಲಿ ಲಾರಿಗಳ ನಡುವೆ ಪ್ಲಗ್ ಬಿಚ್ಚುವ ಸಾಹಸ ಬೇಡ.

ಬೈಕ್ ನಿಂತಿತೇ? ಮೊದಲು ಕಿಕ್ಕರನ್ನು ಕಾಲಿನಿಂದ ಒದೆಯದೆ ಕೈಯಿಂದ ನಿಧಾನ ಒತ್ತಿ ನೋಡಿ. (ಜಾವಾದಲ್ಲಿ ಗೇರ್ ಲಿವರೇ ಕಿಕ್ಕರ್, ಒಳಗೆ ತಳ್ಳಿ ಮೇಲಕ್ಕೆ ತಿರುಗಿಸಿ.) ತಣ್ಣಗಿದ್ದಾಗ ಇದ್ದದ್ದಕ್ಕಿಂತ ಬಿಗಿಯಾಗಿದ್ದರೆ, ಅಥವಾ ಅಲುಗಾಡದೇ ಇದ್ದರೆ, ಉಳಿದ ಯಾವ ಪರೀಕ್ಷೆಯೂ ಬೇಡ. ಪಿಸ್ಟನ್ ಬಿಸಿಗೆ ಉಬ್ಬಿ ಬೋರ್ ಹಿಡಿದುಕೊಂಡಿದೆ. ಬಲವಂತದಿಂದ ಒದೆಯಬೇಡಿ. ತಣ್ಣಗಾದ ಮೇಲೆ ತಾನಾಗಿಯೇ ಬಿಡುತ್ತದೆ, ಮತ್ತೆ ಸ್ಟಾರ್ಟ್ ಕೂಡ ಆಗುತ್ತದೆ. ಆದರೆ ಹಾಗೆ ಓಡಿಸಿ ಮನೆಗೆ ತಂದರೆ ರಿಂಗು, ಬೋರು ಎರಡೂ ಗೀರು ಬೀಳುತ್ತವೆ. ತಳ್ಳಿಕೊಂಡೋ ಜೀಪಿಗೆ ಹಾಕಿಕೊಂಡೋ ತನ್ನಿ, ಸಿಲಿಂಡರ್ ಎತ್ತಿ ನೋಡಿ. ಪಿಸ್ಟನ್ ಯಾಕೆ ಹಿಡಿಯಿತು ಎಂಬುದನ್ನು ಮುಂದೆ ನೋಡೋಣ.

ಕಿಕ್ಕರ್ ಸಲೀಸಾಗಿದ್ದರೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆಯಿರಿ, ಕಿವಿ ಹತ್ತಿರ ಇಟ್ಟು. “ಸುಂಯ್” ಅಂತ ಗಾಳಿ ಒಳಗೆ ಹೋದ ಸದ್ದು ಬಂದು, ಆಮೇಲೆ ಬೈಕ್ ಸ್ಟಾರ್ಟ್ ಆದರೆ ಕಥೆ ಮುಗಿಯಿತು: ಮುಚ್ಚಳದ ಗಾಳಿತೂತು ಕಟ್ಟಿದೆ. ಕ್ರೋಮ್ ಮಾಡಿಸಿದಾಗ, ಪಾಲಿಶ್ ಹೊಡೆಸಿದಾಗ, ಹೊಸ ವಾಷರ್ ಹಾಕಿದಾಗ ಇದು ಕಟ್ಟಿಕೊಳ್ಳುತ್ತದೆ. ಸೂಜಿಮೊನೆಯಷ್ಟು ತೂತು, ಅದಕ್ಕಾಗಿ ಇಡೀ ಇಂಜಿನ್ ಇಳಿಸಿದವರನ್ನು ನೋಡಿದ್ದೇನೆ.

ಸದ್ದು ಬರದಿದ್ದರೆ ಪ್ಲಗ್. ಬಿಸಿ ಇರುತ್ತದೆ, ಬಟ್ಟೆ ಬಳಸಿ. ಬಿಚ್ಚಿದ ಪ್ಲಗ್ಗಿನ ಬಣ್ಣವನ್ನು ನೋಡಿ ಫೋಟೋ ತೆಗೆದಿಡಿ. ಆಮೇಲೆ ಸ್ಪೇರ್ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಮೈಯನ್ನು ಸಿಲಿಂಡರಿನ ಪೇಂಟಿಲ್ಲದ ಜಾಗಕ್ಕೆ ಒತ್ತಿ ಹಿಡಿದು, ಪ್ಲಗ್ ತೂತಿನಿಂದ ಆದಷ್ಟು ದೂರವಿಟ್ಟು ಕಿಕ್ ಹೊಡೆಯಿರಿ. ಆ ತೂತಿನಿಂದ ಪೆಟ್ರೋಲ್ ಹಬೆ ಬರುತ್ತಿರುತ್ತದೆ, ಮುಖ ಹತ್ತಿರ ಒಯ್ಯಬೇಡಿ. ದಪ್ಪನೆಯ ನೀಲಿ ಕಿಡಿ ಬಂದರೆ ಕರೆಂಟು ಸರಿಯಿದೆ. ಕೆಂಪಗೆ ಸಣಕಲಾಗಿ ಬಂದರೆ, ಬಾರದೇ ಇದ್ದರೆ, ದಾರಿ ಕರೆಂಟಿನ ಕಡೆಗೆ.

ಹುಡುಗನಿಗೆ ಇಷ್ಟು ಹೇಳಿ ಮತ್ತೆ ಏರಿಗೆ ಕಳಿಸಿದೆ. ಉತ್ತರ ಬಂತು: ಕಿಕ್ಕರ್ ಸ್ವಲ್ಪ ಬಿಗಿ (ಅಲ್ಲಿಗೇ ನಿಲ್ಲಿಸಬೇಕಿತ್ತು, ಇವನು ಉಳಿದದ್ದನ್ನೂ ನೋಡಿಬಿಟ್ಟಿದ್ದ), ಮುಚ್ಚಳದ ಸದ್ದಿಲ್ಲ, ಕಿಡಿ ನೀಲಿ, ಪ್ಲಗ್ ಸುಣ್ಣ ಬಳಿದಂತೆ ಬೆಳ್ಳಗೆ. ಜತೆಗೆ ಕೇಳದೆಯೇ ಇನ್ನೊಂದು ಮಾತು ಸೇರಿಸಿದ: “ನಿಲ್ಲೋಕ್ ಮುಂಚೆ ಆಕ್ಸಲೇಟರ್ ಬಿಟ್ರೂ ಇಂಜಿನ್ ರೈಸ್ ಕೆಳಗಿಳೀತಿರ್ಲಿಲ್ಲ.” ಅಷ್ಟರಲ್ಲಿ ನನಗೆ ಕಾಯಿಲೆ ಗೊತ್ತಾಗಿತ್ತು. ಆದರೂ ಕರೆಂಟು, ಪೆಟ್ರೋಲ್ ಎರಡನ್ನೂ ದಾಟಿಕೊಂಡೇ ಅಲ್ಲಿಗೆ ಹೋಗೋಣ, ನಿಮ್ಮ ಬೈಕಿನ ಉತ್ತರ ಬೇರೆಯಿರಬಹುದು.

ಕರೆಂಟಿನ ಕಡೆ

ಇವುಗಳಲ್ಲಿ ಹೆಚ್ಚಿನವು 6 ವೋಲ್ಟಿನ ಡೈನಮೋ ಬೈಕುಗಳು. ಕಿಡಿಗೆ ಬೇಕಾದ ವೋಲ್ಟ್ ಏರಿಸುವ ಕಾಯಿಲಿಗೆ ಕರೆಂಟು ಬ್ಯಾಟರಿಯಿಂದ. 12 ವೋಲ್ಟಿನ ಬೈಕಿನಲ್ಲಿ ಅರ್ಧ ವೋಲ್ಟ್ ದಾರಿಯಲ್ಲಿ ಸೋರಿದರೆ ಯಾರಿಗೂ ತಿಳಿಯುವುದಿಲ್ಲ, ಇಲ್ಲಿ ಅದು ದೊಡ್ಡ ನಷ್ಟ. ಹೊಸದಾಗಿ ಜೋಡಿಸಿದ ಬೈಕಿನಲ್ಲಿ ಆ ಸೋರಿಕೆಗೆ ಮುಖ್ಯ ಕಾರಣ ಚೆಂದದ ಪೇಂಟು. ಪೌಡರ್ ಕೋಟಿಂಗ್ ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗಿ ಫ್ರೇಮನ್ನು ಸುತ್ತಿಕೊಳ್ಳುತ್ತದೆ. ಇಂಜಿನ್ ಬೋಲ್ಟ್ ಕೂರುವ ಜಾಗ, ಬ್ಯಾಟರಿಯ ಅರ್ತ್ ವೈರು ಕೂರುವ ಜಾಗ, ಎಲ್ಲ ಅದರಡಿ. ಅರ್ತ್ ಸಿಗದೆ ಕರೆಂಟು ಯಾವ್ಯಾವುದೋ ಕೇಬಲ್ ಮೂಲಕ ದಾರಿ ಮಾಡಿಕೊಂಡು ಹೋಗುತ್ತದೆ. ಆ ಜಾಗಗಳನ್ನು ಬರಿ ಲೋಹ ಕಾಣುವಂತೆ ಕೆರೆದು, ಇಂಜಿನ್‌ನಿಂದ ಬ್ಯಾಟರಿಗೆ ನೇರ ಒಂದು ದಪ್ಪ ಅರ್ತ್ ವೈರು ಎಳೆಯಿರಿ, ಮೇಲೆ ಗ್ರೀಸ್ ಸವರಿ. ಮಲ್ಟಿಮೀಟರಿನಲ್ಲಿ ಸಿಲಿಂಡರ್ ಹೆಡ್ಡಿಗೂ ಬ್ಯಾಟರಿಯ ಅರ್ತ್ ತುದಿಗೂ ನಡುವೆ ಇಗ್ನಿಷನ್ ಆನ್ ಇದ್ದು ಪಾಯಿಂಟ್ (ಕಾಯಿಲಿನ ಕರೆಂಟನ್ನು ಕಡಿದು ಕೂಡಿಸುವ ಸ್ವಿಚ್ಚು) ಮುಚ್ಚಿದ್ದಾಗ ಸೊನ್ನೆಗೆ ಹತ್ತಿರದ ವೋಲ್ಟ್ ತೋರಿಸಬೇಕು.

ಅರ್ತ್ ಸರಿಯಿದ್ದೂ ಬಿಸಿಯಲ್ಲಿ ಮಾತ್ರ ಕಿಡಿ ಸಾಯುತ್ತಿದ್ದರೆ, ಪಾಯಿಂಟಿನಲ್ಲಿ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ಇಲ್ಲವೇ ಕಾಯಿಲ್. ಮೊದಲು ಕಂಡೆನ್ಸರ್ ನೋಡಿ, ಅಗ್ಗ. ಪಾಯಿಂಟ್ ತೆರೆಯುವಾಗ ಅಲ್ಲೇ ಪಟಪಟ ಕಿಡಿ ಹಾರುತ್ತಿದ್ದರೆ, ಪಾಯಿಂಟಿನ ಮುಖ ಬೇಗ ಸುಟ್ಟು ಗುಳಿ ಬೀಳುತ್ತಿದ್ದರೆ ಅದರದ್ದೇ ಕೆಲಸ. 0.2ರಿಂದ 0.3 ಮೈಕ್ರೋಫ್ಯಾರಡ್‌ನ ಯಾವುದೇ ಪಾಯಿಂಟ್ ಇಗ್ನಿಷನ್ ಕಂಡೆನ್ಸರನ್ನು ಹೊರಗಿನಿಂದ ವೈರಿನಲ್ಲಿ ಕಟ್ಟಿ ಪರೀಕ್ಷೆ ಮಾಡಬಹುದು. ಹಳೆಯದರ ವೈರು ಬಿಚ್ಚುವುದು ಮರೆಯಬೇಡಿ. ಹೊಸದು ಅಂತ ಡಬ್ಬಿಯಲ್ಲಿ ಬಂದದ್ದನ್ನು ನಂಬಬೇಡಿ. ಹೊಸ ಕಂಡೆನ್ಸರ್ ಕೆಟ್ಟು, ಬಿಸಾಡಿದ್ದ ಹಳೆಯದನ್ನು ಗುಜರಿ ಡಬ್ಬಿಯಿಂದ ಹುಡುಕಿ ಹಾಕಿದಾಗ ಓಡಿದ ಬೈಕುಗಳಿವೆ.

ಮಳೆಗಾಲದ ಒಂದು ಮಾತು. ಇಲ್ಲಿನ ಥಂಡಿಗೆ ವಾರ ನಿಂತ ಬೈಕಿನ ಪಾಯಿಂಟ್ ಮುಖದ ಮೇಲೆ ಪೊರೆ ಕಟ್ಟುತ್ತದೆ. ಕಿಡಿ ಪೂರ್ತಿ ಇಲ್ಲವೆಂದರೆ ಕಾಯಿಲ್ ಬದಲಿಸುವ ಮೊದಲು ಪಾಯಿಂಟ್ ನಡುವೆ ಒಂದು ಗಟ್ಟಿ ಕಾಗದ ತೂರಿಸಿ ಎಳೆಯಿರಿ. ಗ್ಯಾಪು 0.4 ಮಿ.ಮೀ. ಆಸುಪಾಸು, ಪ್ಲಗ್ಗಿನದು 0.6.

ಪೆಟ್ರೋಲ್ ಕಡೆ

ಕಾರ್ಬರೇಟರಿಗೆ ಬರುವ ಪೈಪ್ ಬಿಚ್ಚಿ, ಬಾಟಲಿಗೆ ಬಿಟ್ಟು ನೋಡಿ. ಸಣ್ಣ ದಾರ ನಿಲ್ಲದೆ ಸುರಿಯಬೇಕು, ಎರಡು ಮೂರು ನಿಮಿಷವಾದರೂ ಸಣ್ಣಗಾಗಬಾರದು. ಸಣ್ಣಗಾಗುತ್ತಾ ಬಂದರೆ ಟ್ಯಾಪಿನ ಜಾಲರಿಗೆ ತುಕ್ಕು ಕಟ್ಟಿದೆ. ಗೋದಾಮಿನಲ್ಲಿ ವರ್ಷಗಟ್ಟಲೆ ನಿಂತ ಟ್ಯಾಂಕಿನ ಒಳಮೈ ಕೊಡಗಿನ ಮಳೆಗೆ ಹೇಗಿರುತ್ತದೆಂದು ಹೇಳಬೇಕಿಲ್ಲ. ಹೊರಗೆ ಕನ್ನಡಿಯಂಥ ಪೇಂಟು, ಒಳಗೆ ಕೆಮ್ಮಣ್ಣು. ಪೇಂಟಿಗೆ ಮುಂಚೆಯೇ ಒಳಗೆ ತೊಳೆಸಿಕೊಳ್ಳಬೇಕು. ತಡವಾಗಿದ್ದರೆ ಪೈಪಿಗೆ ಒಂದು ಫಿಲ್ಟರ್ ಹಾಕಿ, ಆಗಾಗ ಬದಲಿಸುತ್ತಿರಿ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರುತ್ತದೆ, ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಓಡಿಸದೆ ಇಡುವುದಾದರೆ ಟ್ಯಾಂಕ್, ಕಾರ್ಬರೇಟರ್ ಎರಡನ್ನೂ ಖಾಲಿ ಮಾಡಿ ಇಡುವುದು ಒಳ್ಳೆಯದು.

ಆಯಿಲ್ ವಿಷಯದಲ್ಲಿ ತೋಟದ ಮನೆಗಳಲ್ಲಿ ಆಗುವ ಒಂದು ಎಡವಟ್ಟಿದೆ. ಕಳೆ ಕತ್ತರಿಸುವ ಮೆಷಿನ್ನಿಗೆ ಅಂತ ಆಯಿಲ್ ಬೆರೆಸಿದ ಪೆಟ್ರೋಲ್ ಕ್ಯಾನ್ ಶೆಡ್ಡಿನಲ್ಲಿ ಸದಾ ಇರುತ್ತದೆ. “ಇದೂ ಟೂ-ಸ್ಟ್ರೋಕ್, ಅದೂ ಟೂ-ಸ್ಟ್ರೋಕ್” ಅಂತ ಅದನ್ನೇ ಜಾವಾಕ್ಕೆ ಸುರಿಯುತ್ತಾರೆ. ಆ ಮೆಷಿನ್ನುಗಳಲ್ಲಿ ಹಲವಕ್ಕೆ 50ಕ್ಕೆ 1ರ ಲೆಕ್ಕ, ಅಂದರೆ ಲೀಟರಿಗೆ 20 ಮಿ.ಲೀ. ಹಳೇ ಜಾವಾಕ್ಕೆ ಬೇಕಾದದ್ದು ಲೀಟರಿಗೆ 40 ಮಿ.ಲೀ., ಹೊಸ ಪಿಸ್ಟನ್ ಪಳಗುವವರೆಗೆ 50. ಅರ್ಧ ಆಯಿಲಿನಲ್ಲಿ ಹೊಸ ಪಿಸ್ಟನ್ ಏರು ಹತ್ತಿದರೆ ಏನಾಗುತ್ತದೆ ಎಂಬುದಕ್ಕೆ ಪರೀಕ್ಷೆ ಬೇಕಿಲ್ಲ. ಆದರೆ ಆ ಮೆಷಿನ್ನುಗಳಿಂದ ನಮಗೊಂದು ಉಪಕಾರವೂ ಇದೆ: ಅವನ್ನು ರಿಪೇರಿ ಮಾಡುವವರು ಗೋಣಿಕೊಪ್ಪ, ಸೋಮವಾರಪೇಟೆ ಅಂತ ಎಲ್ಲ ಪೇಟೆಗಳಲ್ಲೂ ಇದ್ದಾರೆ. ಟೂ-ಸ್ಟ್ರೋಕ್ ಇಂಜಿನ್ ಗಾಳಿ ಎಳೆಯುವುದೆಂದರೇನು ಎಂದು ಈಗಿನ ಬೈಕ್ ಮೆಕ್ಯಾನಿಕ್ಕುಗಳಿಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಗಾಳಿ ಸೋರಿಕೆ

ಈಗ ಮುಖ್ಯ ವಿಷಯ. ಫೋರ್-ಸ್ಟ್ರೋಕಿನಲ್ಲಿ ಕ್ರ್ಯಾಂಕ್ ತಿರುಗುವ ಕೋಣೆಯಲ್ಲಿ ಆಯಿಲ್ ಇರುತ್ತದೆ, ಅಲ್ಲಿ ಪ್ಯಾಕಿಂಗ್ ಹೋದರೆ ಆಯಿಲ್ ಹನಿಯುತ್ತದೆ, ಅಷ್ಟೇ. ಟೂ-ಸ್ಟ್ರೋಕಿನಲ್ಲಿ ಆ ಕೋಣೆಯೇ ಪಂಪು. ಪಿಸ್ಟನ್ ಮೇಲೆ ಹೋದಾಗ ಕಾರ್ಬರೇಟರಿನಿಂದ ಪೆಟ್ರೋಲ್-ಗಾಳಿ ಅಲ್ಲಿಗೆ ಎಳೆದುಕೊಳ್ಳುತ್ತದೆ, ಕೆಳಗೆ ಬಂದಾಗ ಅದನ್ನು ಒತ್ತಿ ಸಿಲಿಂಡರಿಗೆ ಕಳಿಸುತ್ತದೆ. ಆ ಕೋಣೆಗೆ ಕೂದಲೆಳೆಯಷ್ಟು ಸಂದಿ ಇದ್ದರೂ ಕಾರ್ಬರೇಟರ್ ದಾಟದ ಗಾಳಿ ಒಳಗೆ ಬರುತ್ತದೆ. ಪೆಟ್ರೋಲ್ ಕಡಿಮೆ, ಜತೆಗೆ ಆಯಿಲೂ ಕಡಿಮೆ, ಬಿಸಿ ಜಾಸ್ತಿ. ತಣ್ಣಗಿದ್ದಾಗ, ಚೋಕ್ ಎಳೆದಾಗ ಈ ಕೊರತೆ ಮುಚ್ಚಿಹೋಗುತ್ತದೆ. ಏರಿನಲ್ಲಿ ಇಂಜಿನ್ ದುಡಿಯಲು ಶುರುಮಾಡಿದಾಗ ಪಿಸ್ಟನ್ ಉಬ್ಬಿ ಹಿಡಿಯುತ್ತದೆ.

ಕ್ರ್ಯಾಂಕಿನ ಎರಡೂ ತುದಿಗೆ ರಬ್ಬರ್ ಸೀಲ್ ಇದೆ. ಯಾವ ಕಡೆಯದು ಹೋಗಿದೆ ಎಂದು ಬೈಕೇ ಹೇಳುತ್ತದೆ. ಬಲಗಡೆ ಡೈನಮೋ ಕೋಣೆ, ಅಲ್ಲಿರುವುದು ಬರಿ ಗಾಳಿ. ಆ ಸೀಲ್ ಸೋತರೆ ಇಂಜಿನ್ ಒಣಗುತ್ತದೆ, ಅಂದರೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಸಾಲದಾಗುತ್ತದೆ: ಐಡ್ಲಿಂಗ್ ನಿಲ್ಲುವುದಿಲ್ಲ, ಆಕ್ಸಲೇಟರ್ ಬಿಟ್ಟರೂ ರೈಸ್ ಇಳಿಯದೆ ಗುಂಯ್‌ಗುಡುತ್ತದೆ, ಪ್ಲಗ್ ಬೆಳ್ಳಗಾಗುತ್ತದೆ, ಡೈನಮೋ ಕವರ್ ಬಿಚ್ಚಿದರೆ ಒಳಗೆ ಪೆಟ್ರೋಲ್-ಆಯಿಲಿನ ಮಸಿ ಸಿಡಿದಿರುತ್ತದೆ. ಎಡಗಡೆ ಕ್ಲಚ್ ಮತ್ತು ಪ್ರೈಮರಿ ಚೈನಿನ ಕೋಣೆ, ಅಲ್ಲಿ ಗೇರ್‌ಬಾಕ್ಸ್ ಆಯಿಲ್. ಆ ಸೀಲ್ ಸೋತರೆ ಇಂಜಿನ್ ಗಾಳಿಯ ಬದಲು ಆಯಿಲ್ ಕುಡಿಯುತ್ತದೆ: ಪ್ಲಗ್ ಕರ್ರಗೆ ಒದ್ದೆ, ಹೊಗೆ ನಿಲ್ಲುವುದಿಲ್ಲ, ಗೇರ್ ಆಯಿಲ್ ಕೆಳಗೆಲ್ಲೂ ಹನಿಯದೆ ಕಮ್ಮಿಯಾಗುತ್ತಾ ಹೋಗುತ್ತದೆ. ಇದನ್ನು ಹಿಡಿಯಲು ನಮ್ಮ ಘಾಟಿಗಳೇ ಸಾಕು. ಆಕ್ಸಲೇಟರ್ ಮುಚ್ಚಿ ಗೇರಿನಲ್ಲೇ ಒಂದು ಉದ್ದ ಇಳಿಜಾರು ಇಳಿಯಿರಿ; ಆಗ ಒಳಗಿನ ಎಳೆತ ಜೋರಾಗಿರುತ್ತದೆ. ಕೆಳಗೆ ಬಂದು ಆಕ್ಸಲೇಟರ್ ಕೊಟ್ಟಾಗ ಹಿಂದಿನ ತಿರುವು ಕಾಣದಷ್ಟು ಬಿಳಿ ಹೊಗೆ ಎದ್ದರೆ ಎಡ ಸೀಲನ್ನೇ ಹಿಡಿಯಿರಿ.

ಲಕ್ಷಣ ಅನುಮಾನ ಕೊಡುತ್ತದೆ, ಪ್ರೆಶರ್ ಟೆಸ್ಟ್ ಉತ್ತರ ಕೊಡುತ್ತದೆ. ಮೊದಲ ಸಲ ಜೋಡಿಸುವವರು ಹೆಚ್ಚಾಗಿ ಬಿಟ್ಟುಬಿಡುವ ಪರೀಕ್ಷೆ ಇದೇ, ಮಾಡಬೇಕಾದ ಹೊತ್ತು ಮಾತ್ರ ಇಂಜಿನ್ ಇನ್ನೂ ಬೆಂಚಿನ ಮೇಲೆ ಇರುವಾಗ, ಫ್ರೇಮಿಗೆ ಏರುವ ಮುಂಚೆ. ದುಬಾರಿ ಉಪಕರಣ ಏನೂ ಬೇಡ. ಹಳೇ ಬಿ.ಪಿ. ನೋಡುವ ಯಂತ್ರ, ಡಯಲ್ ಇರುವುದು, ಮನೆಯಲ್ಲೋ ಪರಿಚಯದವರಲ್ಲೋ ಸಿಗುತ್ತದೆ. ಅದರ ಕೈಪಟ್ಟಿ ಬಿಚ್ಚಿ, ರಬ್ಬರ್ ಬಲ್ಬು ಮತ್ತು ಡಯಲ್ ಉಳಿಸಿಕೊಳ್ಳಿ. ಡಯಲ್ಲಿನ 250ರ ಗೆರೆ ಎಂದರೆ ಹತ್ತಿರಹತ್ತಿರ 5 ಪಿಎಸ್‌ಐ. ಈ ಕೆಲಸಕ್ಕೆ ಹೇಳಿ ಮಾಡಿಸಿದಷ್ಟು. ಟಯರಿಗೆ ಗಾಳಿ ಹೊಡೆಯುವ ಕಂಪ್ರೆಸರ್ ಮಾತ್ರ ಬೇಡವೇ ಬೇಡ, ಒಳ್ಳೆಯ ಸೀಲನ್ನೂ ಹೊರಕ್ಕೆ ಹಾರಿಸುತ್ತದೆ.

ಕಾರ್ಬರೇಟರ್ ಬಿಚ್ಚಿ, ಅದು ಕೂರುವ ಜಾಗಕ್ಕೆ ದಪ್ಪ ಅಲ್ಯೂಮಿನಿಯಂ ತಗಡಿನ ಒಂದು ತುಂಡು, ನಡುವೆ ಸೈಕಲ್ ಟ್ಯೂಬಿನ ರಬ್ಬರ್. ತಗಡಿಗೆ ತೂತು ಕೊರೆದು ಟ್ಯೂಬಿನ ವಾಲ್ವ್ ಕೂರಿಸಿ, ಒಳಗಿನ ಪಿನ್ ತೆಗೆದು, ಅದಕ್ಕೆ ಬಲ್ಬಿನ ಪೈಪ್ ಸಿಕ್ಕಿಸಿ. ಸೈಲೆನ್ಸರಿನ ಬೆಂಡ್ ಪೈಪ್ ಕೂರುವ ಬಾಯಿ ಎರಡಿವೆ, ಎರಡನ್ನೂ ಮುಚ್ಚಬೇಕು. ಒಂದು ರಬ್ಬರ್ ಬುಷ್, ಅದರ ಎರಡೂ ಕಡೆ ವಾಷರ್, ನಡುವೆ ಬೋಲ್ಟ್. ನಟ್ ಬಿಗಿ ಮಾಡಿದರೆ ರಬ್ಬರ್ ಉಬ್ಬಿ ಬಾಯಿ ಮುಚ್ಚುತ್ತದೆ. ಪ್ಲಗ್ ಬಿಗಿಯಾಗಿರಲಿ. ಪಿಸ್ಟನ್ ಮೇಲಿಟ್ಟು ಒಮ್ಮೆ, ಕೆಳಗಿಟ್ಟು ಒಮ್ಮೆ, ಹೀಗೆ ಎರಡು ಸಲ ಪರೀಕ್ಷೆ ಮಾಡಿ. ಮೇಲಿದ್ದಾಗ ಗಾಳಿ ನೇರ ಕ್ರ್ಯಾಂಕ್ ಕೋಣೆಗೆ ಹೋಗುತ್ತದೆ. ಕೆಳಗಿದ್ದಾಗ ಹೆಡ್ ಮತ್ತು ಎಕ್ಸಾಸ್ಟ್ ಕಡೆಯೂ ಸೇರುತ್ತದೆ, ಆದರೆ ಪಿಸ್ಟನ್ ಪಕ್ಕದಿಂದ ನುಸುಳಬೇಕಾದ್ದರಿಂದ ಡಯಲ್ ನಿಲ್ಲಲು ಸ್ವಲ್ಪ ಹೊತ್ತು ಬೇಕು.

250ಕ್ಕೆ ಏರಿಸಿ ಬಲ್ಬಿನ ತಿರುಪು ಬಿಗಿ ಮಾಡಿ, ಕಾಫಿ ಕುಡಿದು ಬನ್ನಿ. ಐದು ನಿಮಿಷದಲ್ಲಿ ಮುಳ್ಳು 200ರ ಕೆಳಗಿಳಿದಿದ್ದರೆ ನಾನು ಆ ಇಂಜಿನನ್ನು ಫ್ರೇಮಿಗೆ ಏರಿಸುವುದಿಲ್ಲ. ಏರಿಸುತ್ತಿದ್ದಂತೆಯೇ ಬಿದ್ದುಹೋದರೆ ಮೊದಲು ನಿಮ್ಮ ಬಿರಡೆಗಳನ್ನೇ ಸಂಶಯಿಸಿ, ಅಲ್ಲಿಗೆ ಸೋಪಿನ ನೀರು ಹಚ್ಚಿ. ಅವು ಸರಿಯಿದ್ದರೆ ಬ್ರಷ್ಷಿನಲ್ಲಿ ಸೋಪುನೀರು ಹಚ್ಚುತ್ತಾ ಬನ್ನಿ: ಪ್ಲಗ್ ಬುಡ, ಹೆಡ್, ಸಿಲಿಂಡರ್ ಬುಡದ ಪ್ಯಾಕಿಂಗ್, ಕ್ರ್ಯಾಂಕ್‌ಕೇಸಿನ ಎರಡು ಹೋಳು ಸೇರುವ ಗೆರೆ, ಡೈನಮೋ ಹಿಂದಿನ ಸೀಲ್. ಎಡ ಸೀಲ್ ನೋಡಲು ಕವರ್ ಬಿಚ್ಚಬೇಕೆಂದೇನಿಲ್ಲ. ಗೇರ್ ಆಯಿಲ್ ಹಾಕುವ ಬಾಯಿಯ ಮೇಲೆ ಸೋಪುನೀರಿನ ಪೊರೆ ಕಟ್ಟಿ. ಅದು ಉಬ್ಬಿ ಗುಳ್ಳೆಯಾದರೆ ಗಾಳಿ ಎಡ ಸೀಲ್ ದಾಟಿ ಗೇರ್‌ಬಾಕ್ಸಿಗೆ ಹೋಗುತ್ತಿದೆ ಎಂದರ್ಥ. ಕೆಲವು ಸೀಲ್ ಒತ್ತಡಕ್ಕೆ ತಡೆದು, ಎಳೆತಕ್ಕೆ ಮಾತ್ರ ಬಿಟ್ಟುಕೊಡುತ್ತವೆ. ಕೈಯಲ್ಲಿ ಎಳೆಯುವ ವ್ಯಾಕ್ಯೂಮ್ ಪಂಪ್ ಸಿಕ್ಕರೆ ಆ ಪರೀಕ್ಷೆಯನ್ನೂ ಮಾಡಿಬಿಡಿ.

ಹುಡುಗನ ಇಂಜಿನಿನಲ್ಲಿ ಗುಳ್ಳೆ ಬಂದದ್ದು ಎರಡು ಕಡೆ. ಸಿಲಿಂಡರ್ ಬುಡದಲ್ಲಿ ಸಣ್ಣದಾಗಿ, ಡೈನಮೋ ಸೀಲಿನಲ್ಲಿ ನೊರೆನೊರೆಯಾಗಿ. ಸೀಲ್ ಹೊಸದು, ಒಳ್ಳೆಯದೇ. ಕ್ರ್ಯಾಂಕ್ ತುದಿಯ ಮೇಲೆ ತಳ್ಳುವಾಗ ಕೀ ಕೂರುವ ಕಚ್ಚಿನ ಅಂಚು ಅದರ ತುಟಿಯನ್ನು ಮಡಚಿಹಾಕಿತ್ತು. ಒಳಗೆ ಆ ತುಟಿಯನ್ನು ಹಿಡಿದಿಡುವ ಸಣ್ಣ ಸ್ಪ್ರಿಂಗ್ ಬಿಟ್ಟು ಹೊರಬಂದಿತ್ತು. ಸೀಲ್ ಹಾಕುವ ಮುಂಚೆ ಆ ಕಚ್ಚಿನ ಮೇಲೆ ಒಂದು ಸುತ್ತು ಟೇಪ್ ಸುತ್ತಿ, ತುಟಿಗೆ ಆಯಿಲ್ ಸವರಿ, ತಿರುಗಿಸುತ್ತಾ ತಳ್ಳಬೇಕು. ಕೂತ ಮೇಲೆ ಟೇಪ್ ತೆಗೆಯಬೇಕು. ಬುಡದ ಸೋರಿಕೆಗೆ ಕಾರಣ ಹಳೇ ಪ್ಯಾಕಿಂಗನ್ನು ಸ್ಕ್ರೂಡ್ರೈವರಿನಿಂದ ಕೆರೆದದ್ದು. ಅಲ್ಯೂಮಿನಿಯಂ ಮೆತ್ತಗಿನ ಲೋಹ, ಒಂದು ಗೀರು ಸಾಕು. ಮರದ ಚಕ್ಕೆಯನ್ನೋ ಗಟ್ಟಿ ಪ್ಲಾಸ್ಟಿಕ್ಕನ್ನೋ ಬಳಸಬೇಕು. ಗೀರು ಆಳವಿರಲಿಲ್ಲ, ಗಾಜಿನ ಮೇಲೆ ಸಣ್ಣ ಎಮರಿ ಪೇಪರ್ ಹಾಸಿ ಸಿಲಿಂಡರ್ ಬುಡವನ್ನು ತಿಕ್ಕಿ, ಹೊಸ ಪ್ಯಾಕಿಂಗಿಗೆ ಎರಡೂ ಕಡೆ ತೆಳ್ಳಗೆ ಶೆಲ್ಲಾಕ್ ಸವರಿದರೆ ಸಾಕಾಯಿತು. ಟ್ಯೂಬಿನಲ್ಲಿ ಬರುವ ಸಾದಾ ಸಿಲಿಕೋನ್ ಬಳಿಯಬೇಡಿ. ಪೆಟ್ರೋಲಿಗೆ ಅದು ಉಬ್ಬಿ ಕಳಚಿಕೊಳ್ಳುತ್ತದೆ, ತುಂಡು ಸಿಲಿಂಡರಿನ ಒಳದಾರಿಗೆ (ಪೋರ್ಟಿಗೆ) ಸಿಕ್ಕಿಹಾಕಿಕೊಂಡರೆ ಇನ್ನೊಂದು ರಾಮಾಯಣ.

ಗಾಳಿ ಸೋರದೆಯೂ ಬಿಸಿಯಾದರೆ

ಟೆಸ್ಟ್ ಪಾಸಾಗಿಯೂ ಪಿಸ್ಟನ್ ಹಿಡಿಯುತ್ತಿದ್ದರೆ ಉಳಿದದ್ದು ಮೂರು. ಟೈಮಿಂಗ್ ತಪ್ಪಿ ಕಿಡಿ ಹಾರಬೇಕಾದ್ದಕ್ಕಿಂತ ಬೇಗ ಹಾರುತ್ತಿರಬಹುದು. ಪಿಸ್ಟನ್ ತುದಿಗೆ ಬರಲು ಸುಮಾರು 3 ಮಿ.ಮೀ. ಇರುವಾಗ ಪಾಯಿಂಟ್ ತೆರೆಯಬೇಕು. ಪ್ಲಗ್ ತೂತಿಗೆ ಇಳಿಸುವ ಡಯಲ್ ಗೇಜ್ ಇದ್ದರೆ ಚೆನ್ನ, ಇಲ್ಲದಿದ್ದರೆ ವರ್ನಿಯರ್ ಕ್ಯಾಲಿಪರ್ ಬಾಲ ಸಾಕು. ಮೊದಲು ಪಾಯಿಂಟ್ ಗ್ಯಾಪ್, ಆಮೇಲೆ ಟೈಮಿಂಗ್. ಗ್ಯಾಪ್ ಬದಲಾದರೆ ಟೈಮಿಂಗ್ ತಾನಾಗಿ ಬದಲಾಗುತ್ತದೆ.

ಎರಡನೆಯದು ಬೋರು. ಸಿಲಿಂಡರ್ ಎತ್ತಿದಾಗ ಪಿಸ್ಟನ್ ಸುತ್ತ ನಾಲ್ಕು ಕಡೆ ಸಮನಾಗಿ ಉಜ್ಜಿದ ಗುರುತಿದ್ದರೆ ಬೋರ್ ಬಿಗಿ, ಲೇತ್ ಅಂಗಡಿಗೆ ವಾಪಸ್. ಗುರುತು ಎಕ್ಸಾಸ್ಟ್ ಕಡೆ ಮಾತ್ರ ಇದ್ದರೆ ಬಿಸಿ ಹೆಚ್ಚಾಗಿದೆ, ಕಾರಣ ಬೇರೆ ಕಡೆ ಹುಡುಕಿ. ಬಾಣದ ಗುರುತು ಎಕ್ಸಾಸ್ಟ್ ಕಡೆಗೇ ಇದೆಯಾ, ರಿಂಗಿನ ಬಾಯಿಗಳು ಪಿನ್ನಿನ ಮೇಲೆ ಕೂತಿವೆಯಾ ಎಂದೂ ಅದೇ ಹೊತ್ತಿಗೆ ನೋಡಿಬಿಡಿ.

ಮೂರನೆಯದು ಸೈಲೆನ್ಸರ್. ಹಳೇ ಟೂ-ಸ್ಟ್ರೋಕ್ ಸೈಲೆನ್ಸರ್ ಒಳಗೆ ಮಸಿ ಡಾಂಬರಿನಂತೆ ಕಟ್ಟಿರುತ್ತದೆ. ಕ್ರೋಮ್ ಮಾಡಿಸುವಾಗ ಒಳಗೆ ಯಾರೂ ನೋಡುವುದಿಲ್ಲ. ಗೋದಾಮಿನಲ್ಲಿ ನಿಂತಿದ್ದ ಬೈಕಾದರೆ ಕಣಜದ ಹುಳು ಮಣ್ಣಿನ ಗೂಡು ಕಟ್ಟಿದ್ದರೂ ಆಶ್ಚರ್ಯವಿಲ್ಲ. ಇಂಜಿನ್ ಓಡುವಾಗ ಎರಡೂ ಬಾಯಿಗೆ ಅಂಗೈ ಹಿಡಿದು ನೋಡಿ, ಹೊಗೆಯ ರಭಸ ಎರಡರಲ್ಲೂ ಸಮ ಇರಬೇಕು.

ಕೊನೆಗೆ ಕಾರ್ಬರೇಟರ್

ಈಗ ಸ್ಕ್ರೂಡ್ರೈವರ್ ಹಿಡಿಯಬಹುದು. ಮೂಲ ಜೆಟ್, ಸೂಜಿಯ ಕ್ಲಿಪ್ ಮಧ್ಯದ ಕಚ್ಚಿನಲ್ಲಿ, ಅಲ್ಲಿಂದ ಶುರು. ಜೆಟ್ ತೂತಿಗೆ ಕಬ್ಬಿಣದ ತಂತಿ ತೂರಿಸಬೇಡಿ, ಗಾಳದ ನೈಲಾನ್ ದಾರ ಸಾಕು. ಆಕ್ಸಲೇಟರ್ ಹಿಡಿಯ ಮೇಲೆ ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಎಂದು ಗೆರೆ ಎಳೆಯಿರಿ. ತೊಂದರೆ ಶುರುವಿನಲ್ಲೇ ಇದ್ದರೆ ಐಡ್ಲಿಂಗ್ ಜೆಟ್, ನಡುವೆ ಇದ್ದರೆ ಸೂಜಿ, ಪೂರ್ತಿ ತೆರೆದಾಗ ಇದ್ದರೆ ಮೇನ್ ಜೆಟ್. ಒಂದು ಸಲಕ್ಕೆ ಒಂದನ್ನೇ ಬದಲಿಸಿ.

ನಮ್ಮ ಕಡೆ ಲೆಕ್ಕಕ್ಕೆ ಇನ್ನೊಂದು ಸೇರುತ್ತದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,100 ಮೀಟರ್ ಎತ್ತರ. ಗಾಳಿ ಅಲ್ಲಿ ಶೇ. 10ರಷ್ಟು ತೆಳು. ಹಾಗಾಗಿ ಬೈಕ್ ಇಲ್ಲಿ ತುಸು ಪೆಟ್ರೋಲ್ ಹೆಚ್ಚು ಕುಡಿದಂತೆ ಓಡುತ್ತದೆ. ಎಥೆನಾಲ್ ಬೆರೆತ ಪೆಟ್ರೋಲ್ ಅದಕ್ಕೆ ತಿರುಗಾ ಮುರುಗಾ, ಸ್ವಲ್ಪ ಒಣಗಿಸುತ್ತದೆ. ಮಡಿಕೇರಿಯಲ್ಲಿ ಎರಡೂ ಒಂದಕ್ಕೊಂದು ಸ್ವಲ್ಪಮಟ್ಟಿಗೆ ಸರಿದೂಗಿ ಬೈಕ್ ಸೊಗಸಾಗಿ ಓಡುತ್ತದೆ. ಅದೇ ಸೆಟ್ಟಿಂಗಿನಲ್ಲಿ ಘಾಟಿ ಇಳಿದು ಸುಳ್ಯ, ಮಂಗಳೂರು ಕಡೆ ಹೋದರೆ, ಇಲ್ಲವೇ ಮಾಕುಟ್ಟ ದಾಟಿ ಕೇರಳಕ್ಕೆ ಇಳಿದರೆ, ಗಾಳಿ ದಪ್ಪವಾಗಿ ಪೆಟ್ರೋಲ್ ಸಾಲದಾಗುತ್ತದೆ. ಇಲ್ಲಿ ಸೆಟ್ ಮಾಡುವಾಗಲೇ ಕೊಂಚ ಧಾರಾಳವಾಗಿರಿ. ಪ್ಲಗ್ ತೆಳು ಕಂದು ಬಣ್ಣಕ್ಕಿಂತ ಒಂದು ಛಾಯೆ ಗಾಢವಾಗಿದ್ದರೆ ನನಗೆ ಸಮಾಧಾನ; ಮೈಲೇಜ್ ಸ್ವಲ್ಪ ಹೋದರೆ ಹೋಗಲಿ.

ಸೀಲ್ ಬದಲಿಸಿ, ಟೆಸ್ಟಿನಲ್ಲಿ ಮುಳ್ಳು ನಿಂತ ಮೇಲೆ ಹುಡುಗನ ಹಳೇ ಕಾರ್ಬರೇಟರನ್ನೇ ತೊಳೆದು ಕೂರಿಸಿದೆವು. ಅವನು ಏರಿಸಿದ್ದ ಸೂಜಿಯ ಕ್ಲಿಪ್ಪನ್ನು ಮಧ್ಯಕ್ಕೆ ತಂದದ್ದು ಬಿಟ್ಟರೆ ಬೇರೇನೂ ಮುಟ್ಟಲಿಲ್ಲ. ಆಕ್ಸಲೇಟರ್ ಬಿಟ್ಟ ಕೂಡಲೇ ರೈಸ್ ಇಳಿಯಿತು, ಅದೇ ಏರನ್ನು ನಿಲ್ಲದೆ ಹತ್ತಿತು. ಹಬ್ಬಕ್ಕೆ ಅಜ್ಜನನ್ನು ಕೂರಿಸಿಕೊಂಡು ಹೋಗುವುದು ಮಾತ್ರ ಬೇಡ ಅಂದೆ. ಬೋರ್ ಇನ್ನೂ ಪಳಗಿಲ್ಲ, ಇಬ್ಬರ ಭಾರದಲ್ಲಿ ಏರು ಹತ್ತಿಸುವ ಹೊತ್ತಲ್ಲ ಅದು. ಅಜ್ಜ ಜೀಪಿನಲ್ಲಿ ಹೋದರು.

ಪಳಗಿಸುವಾಗ ಮೊದಲ 500 ಕಿ.ಮೀ. ಲೀಟರಿಗೆ 50 ಮಿ.ಲೀ. ಆಯಿಲ್, ಅರ್ಧಕ್ಕಿಂತ ಹೆಚ್ಚು ಆಕ್ಸಲೇಟರ್ ಬೇಡ, ಉದ್ದ ಏರಾದರೆ ಕೆಳ ಗೇರಿನಲ್ಲಿ ಹತ್ತಿಸಿ ನಡುವೆ ನಿಲ್ಲಿಸಿ ತಣಿಸಿ. ಮೊದಲ ಓಟದ ಮಾರನೇ ದಿನ, ಇಂಜಿನ್ ಪೂರ್ತಿ ತಣ್ಣಗಿರುವಾಗ, ಹೆಡ್ ನಟ್ಟುಗಳನ್ನು ಎದುರುಬದುರಾಗಿ ಇನ್ನೊಮ್ಮೆ ಬಿಗಿ ನೋಡಿ. ಗೇರ್ ಆಯಿಲ್ ಎಷ್ಟು ಹಾಕಿದಿರೆಂದು ಗೋಡೆಯ ಮೇಲೆ ಬರೆದಿಡಿ. 500 ಕಿ.ಮೀ. ಆದಾಗ ಇಳಿಸಿ ಅಳೆಯಿರಿ; ಕೆಳಗೆ ಹನಿಯದೆ ಕಮ್ಮಿಯಾಗಿದ್ದರೆ ಎಡ ಸೀಲ್, ಪೆಟ್ರೋಲ್ ವಾಸನೆ ಹೊಡೆದು ತೆಳ್ಳಗಾಗಿದ್ದರೂ ಅದೇ ಸೀಲ್. ಬಿ.ಪಿ. ಯಂತ್ರವನ್ನು ಅಷ್ಟರವರೆಗೆ ವಾಪಸ್ ಕೊಡಬೇಡಿ.